ದಿರ್ಹಮ್ ಬಿಲ್ಲಿಗೆ ದಿರ್ಹಮ್ ಲೆಕ್ಕ: ವಿದೇಶದ ಕಾರ್ಡ್ ಪಾವತಿಯಲ್ಲಿ ನನ್ನ ಅನುಭವ

2025ರ ಫೆಬ್ರವರಿಯ ದುಬೈ ಪ್ರವಾಸದ ಕಾರ್ಡ್ ಸ್ಟೇಟ್‌ಮೆಂಟ್ ಶರಣಬಸವೇಶ್ವರ ಜಾತ್ರೆಯ ಹೊತ್ತಿಗೆ ಕೈಸೇರಿತು. ಅದನ್ನು ಗಿರಣಿಯ ಆಫೀಸಿನ ಮೇಜಿನ ಮೇಲೆ ಹರಡಿ, ನಮ್ಮ ಲೆಕ್ಕಿಗರನ್ನೂ ಪಾಲುದಾರನಾದ ಭಾವಮೈದುನನನ್ನೂ ಕರೆದು ಕೂರಿಸಿದೆ. ಒಟ್ಟು ಸುಮಾರು 5,200 ದಿರ್ಹಮ್ ಖರ್ಚಾಗಿತ್ತು. ಆಯಾ ದಿನದ ವೀಸಾ ಕಾರ್ಡ್ ಕಂಪನಿಯ ವಿನಿಮಯ ದರವನ್ನು ನೋಡಿ ನಾನು ಡೈರಿಯಲ್ಲಿ ಬರೆದುಕೊಂಡಿದ್ದ ಮೊತ್ತಕ್ಕೂ ಬ್ಯಾಂಕು ಹಾಕಿದ ಮೊತ್ತಕ್ಕೂ ಇದ್ದ ವ್ಯತ್ಯಾಸ ಮುನ್ನೂರು ರೂಪಾಯಿಗಳನ್ನು ದಾಟಿರಲಿಲ್ಲ. ‘ಕಾರ್ಡು ಯಾವುದಾದರೇನು, ಕಡಿಯುವವರು ಕಡಿದೇ ಕಡಿಯುತ್ತಾರೆ’ ಎಂದು ಎರಡು ವರ್ಷಗಳಿಂದ ಹೇಳುತ್ತಿದ್ದ ಆ ಇಬ್ಬರೂ ಅಂದು ಚಹಾ ಮುಗಿಸಿ ಸುಮ್ಮನೆ ಎದ್ದು ಹೋದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಕಲಬುರಗಿಯಲ್ಲಿ ತೊಗರಿ ಬೇಳೆ ಗಿರಣಿ. 2025ರವರೆಗೆ ಫೆಬ್ರವರಿಯಲ್ಲಿ ನಡೆಯುತ್ತಿದ್ದ ದುಬೈನ ಗಲ್ಫುಡ್ ಆಹಾರ ಮೇಳಕ್ಕೆ ಹೋಗುವುದು ನಮಗೆ ಹೆಚ್ಚುಕಡಿಮೆ ವಾಡಿಕೆಯಾಗಿದೆ. ಒಮ್ಮೆ ಜರ್ಮನಿಯ ಕೊಲೋನ್ ನಗರದ ಅನೂಗಾ ಆಹಾರ ಮೇಳಕ್ಕೂ ಒಮ್ಮೆ ಬ್ಯಾಂಕಾಕ್‌ಗೂ ಹೋಗಿ ಬಂದಿದ್ದೇನೆ. ನನ್ನಂತೆ ಹೈದರಾಬಾದಿನ ಶಂಶಾಬಾದಿನಿಂದ ವಿಮಾನ ಹತ್ತುವ ಗಂಜಿನ (ಧಾನ್ಯ ಮಾರುಕಟ್ಟೆಯ) ವ್ಯಾಪಾರಸ್ಥರು ನೂರಾರು ಮಂದಿ ಇದ್ದಾರೆ. ಆದ್ದರಿಂದ ಮಾರ್ಕಪ್ ಎಂದರೇನು, ಡಿಸಿಸಿ ಎಂದರೇನು ಎಂಬ ಪಾಠವನ್ನು ಇಲ್ಲಿ ಉದ್ದಕ್ಕೆ ಒಪ್ಪಿಸುವುದಿಲ್ಲ: ಮಾರ್ಕಪ್ ಎಂದರೆ ವಿದೇಶಿ ಹಣದ ಖರ್ಚಿನ ಮೇಲೆ ನಮ್ಮ ಬ್ಯಾಂಕು ಸೇರಿಸುವ ಶುಲ್ಕ, ಡಿಸಿಸಿ ಎಂದರೆ ಅಂಗಡಿಯ ಯಂತ್ರವೇ ತನ್ನ ದರದಲ್ಲಿ ಬಿಲ್ಲನ್ನು ರೂಪಾಯಿಗೆ ಬದಲಿಸುವುದು, ಇಷ್ಟು ಸಾಕು. ‘ರೂಪಾಯಿಯಲ್ಲಿ ಕೊಡುತ್ತೀರಾ, ದಿರ್ಹಮ್‌ನಲ್ಲಿ ಕೊಡುತ್ತೀರಾ’ ಎಂದು ಕೇಳುವ ಆ ಪರದೆಯನ್ನು ಎಲ್ಲರೂ ಕಂಡವರೇ.

ಮೊದಲ ಪೆಟ್ಟು ಬಿದ್ದದ್ದು 2023ರಲ್ಲಿ. ದುಬೈನ ಹೋಟೆಲಿನ ಐದು ರಾತ್ರಿಯ ಬಿಲ್ಲು 2,860 ದಿರ್ಹಮ್ ಆಗಿತ್ತು. ಆಗ ದಿರ್ಹಮ್ಮಿಗೆ ಸುಮಾರು ಇಪ್ಪತ್ತೆರಡೂವರೆ ರೂಪಾಯಿ ನಡೆಯುತ್ತಿತ್ತು, ಅಂದರೆ ಅರವತ್ತನಾಲ್ಕು ಸಾವಿರದ ಚಿಲ್ಲರೆ. ಕೌಂಟರಿನ ಹುಡುಗ ‘ಸರ್, ಇಂಡಿಯನ್ ರುಪೀಸ್’ ಎಂದು ನಗುತ್ತ ಕೇಳಿದಾಗ, ಪರದೇಶದಲ್ಲಿ ನಮ್ಮ ದುಡ್ಡಿನ ಹೆಸರು ಕೇಳಿದ ಖುಷಿಯಲ್ಲಿ ನಾನು ತಲೆಯಾಡಿಸಿದೆ. ಯಂತ್ರ ಹಿಡಿದ ದರ ಇಪ್ಪತ್ನಾಲ್ಕು. ಅದರ ಮೇಲೆ, ಹೊರದೇಶದಲ್ಲಿ ರೂಪಾಯಿಯಲ್ಲಿ ವ್ಯವಹಾರ ಮಾಡಿದ್ದಕ್ಕೆಂದು ನನ್ನದೇ ಬ್ಯಾಂಕು ಶೇಕಡಾ 1 ಶುಲ್ಕವನ್ನೂ ಅದರ ಮೇಲೆ ಜಿಎಸ್‌ಟಿಯನ್ನೂ ಸೇರಿಸಿತು. ಕೊನೆಗೆ ಕೈಬಿಟ್ಟದ್ದು ಅರವತ್ತೊಂಬತ್ತೂವರೆ ಸಾವಿರದ ಹತ್ತಿರ. ಅಲ್ಲಿ ದಿರ್ಹಮ್ ಎಂದಿದ್ದರೆ ಮೂರೂವರೆ ಪರ್ಸೆಂಟ್ ಮಾರ್ಕಪ್ಪೂ ಅದರ ಜಿಎಸ್‌ಟಿಯೂ ಸೇರಿ, ಅಂದರೆ ಶೇಕಡಾ 4.13 ಹೋಗಿಯೂ, ಅರವತ್ತೇಳು ಸಾವಿರಕ್ಕೆ ಮುಗಿಯುತ್ತಿತ್ತು. ರೂಪಾಯಿಯಲ್ಲಿ ಕೊಟ್ಟರೆ ಬ್ಯಾಂಕಿನ ಶುಲ್ಕ ತಪ್ಪುತ್ತದೆ ಎಂದು ನಂಬಿದವರು ಈ ಲೆಕ್ಕವನ್ನು ಇನ್ನೊಮ್ಮೆ ಓದಬೇಕು.

ನಮ್ಮ ಲೆಕ್ಕಿಗರಿಗೆ ಇದು ಹಿಡಿಸಲಿಲ್ಲ. ರೂಪಾಯಿಯಲ್ಲಿ ಕೊಟ್ಟರೆ ಚೀಟಿಯ ಮೇಲೆ ಇದ್ದಷ್ಟೇ ಖಾತೆಯಲ್ಲೂ ಬರುತ್ತದೆ, ಪುಸ್ತಕ ಸ್ವಚ್ಛವಾಗಿರುತ್ತದೆ ಎಂಬುದು ಅವರ ವಾದವಾಗಿತ್ತು. ನಾನು ಅವರಿಗೆ ಗಂಜಿನ ಭಾಷೆಯಲ್ಲೇ ಹೇಳಿದೆ: ಅಡತಿ ಅಂಗಡಿಯವನು ಅಡತಿ, ಹಮಾಲಿ, ತೂಕದ ಖರ್ಚು ಎಂದು ಪಟ್ಟಿಯಲ್ಲಿ ಬರೆದು ಮುರಿದುಕೊಂಡರೆ ರೈತ ಅದನ್ನು ಓದಿ ಜಗಳ ತೆಗೆಯಬಹುದು, ಆದರೆ ಪಟ್ಟಿಯಲ್ಲಿ ಏನೂ ಮುರಿಯದೆ ಕ್ವಿಂಟಲಿನ ದರದಲ್ಲೇ ಐನೂರು ಇಳಿಸಿದವನ ಪಟ್ಟಿ ಎಷ್ಟು ಸ್ವಚ್ಛವಾಗಿದ್ದರೇನು ಬಂತು? ಅಂಗಡಿಯ ಯಂತ್ರ ಮಾಡುವುದು ಈ ಎರಡನೆಯ ಕೆಲಸವನ್ನು. ದರದಲ್ಲಿ ಸಿಕ್ಕ ಲಾಭದಲ್ಲಿ ಅಂಗಡಿಗೂ ಪಾಲಿರುತ್ತದೆಯಾದ್ದರಿಂದ ಆ ಹುಡುಗನ ನಗುವೂ ಪುಕ್ಕಟೆಯದಲ್ಲ.

ಊರಿಗೆ ಬಂದ ಮೇಲೆ ಬ್ಯಾಂಕಿಗೆ ತಕರಾರು ಬರೆದೆ. ಅವರು ಚೀಟಿ ಕೇಳಿದರು, ಕಳಿಸಿದೆ. ‘ನನಗೆ ಕರೆನ್ಸಿಯ ಆಯ್ಕೆ ನೀಡಲಾಗಿತ್ತು, ನಾನು ಒಪ್ಪಿದ್ದೇನೆ’ ಎಂಬ ಅರ್ಥದ ಒಂದು ಸಾಲು ಅದರ ಕೆಳಗೆ ಇರುವೆಯ ಗಾತ್ರದ ಅಕ್ಷರದಲ್ಲಿತ್ತು. ಪಿನ್ ಒತ್ತಿದ್ದೀರಿ, ಅದು ಒಪ್ಪಿಗೆ ಎಂದು ತಕರಾರನ್ನು ಮುಚ್ಚಿದರು. ಆಗ ಸಿಟ್ಟು ಬಂದದ್ದು ನಿಜ, ಆದರೆ ಮುಂದೆ ನನಗೆ ದಾರಿ ತೋರಿಸಿದ್ದು ಅದೇ ಉತ್ತರ.

ಅದೇ ವರ್ಷದ ಅಕ್ಟೋಬರಿನಲ್ಲಿ ಕೊಲೋನ್‌ಗೆ ಹೋಗುವಾಗ ಬಹಳ ಜಾಣನಂತೆ, ಮೊದಲೇ ವಿದೇಶಿ ಹಣ ತುಂಬಿಸಿಡುವ ಫಾರೆಕ್ಸ್ ಕಾರ್ಡಿಗೆ ಡಾಲರ್ ತುಂಬಿಸಿಕೊಂಡೆ. ಯೂರೋ ತುಂಬಿಸಬೇಕಿತ್ತು. ದುಬೈಗೂ ಆಗುತ್ತದೆ, ಉಳಿದರೆ ಮುಂದಿನ ವರ್ಷಕ್ಕೂ ಬರುತ್ತದೆ ಎಂಬ ದುರಾಸೆಗೆ ಡಾಲರ್ ಹಾಕಿಸಿದೆ. ಅಲ್ಲಿ 600 ಯೂರೋ ಖರ್ಚು ಮಾಡಿದ್ದಕ್ಕೆ, ಡಾಲರಿನಿಂದ ಯೂರೋಗೆ ಬದಲಾಗುವಾಗ ಮೂರೂವರೆ ಪರ್ಸೆಂಟ್ ಕ್ರಾಸ್ ಕರೆನ್ಸಿ ಶುಲ್ಕ ಬಿತ್ತು. ಡಾಲರ್ ಕೊಳ್ಳುವಾಗಲೇ ಮಾರುಕಟ್ಟೆಗಿಂತ ಡಾಲರಿಗೆ ಒಂದೂಕಾಲು ರೂಪಾಯಿ ಹೆಚ್ಚು ಕೊಟ್ಟಿದ್ದೆ. ಎರಡೂ ಸೇರಿ ಎರಡೂವರೆ ಸಾವಿರಕ್ಕೂ ಹೆಚ್ಚು ಹೋಯಿತು. ಉಳಿದ ನೂರ ನಲವತ್ತು ಡಾಲರನ್ನು ವಾಪಸು ಮಾರುವಾಗ ಮತ್ತೆ ಕೊಳ್ಳುವ ದರ ಬೇರೆ, ಮಾರುವ ದರ ಬೇರೆ. ಹೋಗುವ ದೇಶದ ದುಡ್ಡನ್ನೇ ತುಂಬಿಸಿ ಪೂರ್ತಿ ಖರ್ಚು ಮಾಡುವವರಿಗೆ ಈ ಕಾರ್ಡು ಕೆಟ್ಟದ್ದಲ್ಲ. ಆದರೆ ದಿರ್ಹಮ್ ತುಂಬಿದ ಫಾರೆಕ್ಸ್ ಕಾರ್ಡನ್ನು ನೋಡಿಯೂ ಅಂಗಡಿಯ ಯಂತ್ರವು ಅದು ಭಾರತದ ಕಾರ್ಡೆಂದು ಗುರುತಿಸಿ ರೂಪಾಯಿಯ ಪ್ರಶ್ನೆ ಕೇಳಬಲ್ಲದು, ಅಲ್ಲಿ ಹೂಂ ಎಂದರೆ ದಿರ್ಹಮ್ಮಿನಿಂದ ರೂಪಾಯಿಗೂ ರೂಪಾಯಿಯಿಂದ ಮತ್ತೆ ದಿರ್ಹಮ್ಮಿಗೂ ಎರಡು ಸಲ ಹಣ ತೆರಬೇಕಾಗುತ್ತದೆ.

ಮೂರನೆಯ ಸಲ, ಅಂದರೆ 2024ರ ಫೆಬ್ರವರಿಗೆ, ಮಾರ್ಕಪ್ಪೇ ಇಲ್ಲದ ಕಾರ್ಡು ಮಾಡಿಸಿದೆ. ಯಾವ ಬ್ಯಾಂಕಿನದೆಂದು ಇಲ್ಲಿ ಬರೆಯುವುದಿಲ್ಲ. ಬೀಜ ತರುವ ಅಂಗಡಿಯ ಹೆಸರನ್ನು ನಮ್ಮ ಗಂಜಿನಲ್ಲಿ ಯಾರೂ ಸುಮ್ಮನೆ ಹೇಳುವುದಿಲ್ಲ. ಇನ್ನು ಗೆದ್ದೆ ಎಂದುಕೊಂಡೇ ಹೋದೆ. ದುಬೈನ ದೇರಾ ಬಡಾವಣೆಯ ಒಂದು ದೊಡ್ಡ ಅಂಗಡಿಯಲ್ಲಿ ಮಗಳಿಗೆ ಫೋನು, ಮನೆಗೆ ಖರ್ಜೂರ, ಕೇಸರಿ ಎಂದು 1,450 ದಿರ್ಹಮ್ಮಿನ ಸಾಮಾನು ಕಟ್ಟಿಸಿದೆ. ಕ್ಯಾಶಿಯರ್ ಕಾರ್ಡು ತೆಗೆದುಕೊಂಡು ತನ್ನ ಕಡೆಯ ಯಂತ್ರಕ್ಕೆ ಸಿಕ್ಕಿಸಿ, ನನ್ನತ್ತ ನೋಡದೆಯೇ ಒಂದು ಕೀಲಿ ಒತ್ತಿ, ಆಮೇಲೆ ಯಂತ್ರವನ್ನು ನನ್ನ ಮುಂದೆ ಹಿಡಿದ. ಪರದೆಯಲ್ಲಿ ಪಿನ್ ಕೇಳುತ್ತಿತ್ತು, ಹಿಂದೆ ಸಾಲು ಬೆಳೆದಿತ್ತು, ನಾನು ಒತ್ತಿಬಿಟ್ಟೆ. ಹೊರಗೆ ಬಂದು ಚೀಟಿ ಬಿಡಿಸಿದರೆ 34,394 ರೂಪಾಯಿ, ದರ 23.72. ಅಂದಿನ ನಿಜವಾದ ದರ ಇಪ್ಪತ್ತೆರಡು ರೂಪಾಯಿ ಅರವತ್ತು ಪೈಸೆಯ ಆಸುಪಾಸು. ಬ್ಯಾಂಕಿನ ಒಂದು ಪರ್ಸೆಂಟೂ ಸೇರಿ ಎರಡು ಸಾವಿರ ರೂಪಾಯಿ ನಷ್ಟ, ಅದೂ ಶೂನ್ಯ ಮಾರ್ಕಪ್ ಕಾರ್ಡಿನಲ್ಲಿ! ಬ್ಯಾಂಕಿಗೆ ಬರುವ ಮೊದಲೇ ಬದಲಾಗಿ ಬಂದ ಹಣಕ್ಕೆ ಬ್ಯಾಂಕಿನ ಸೊನ್ನೆಯಿಂದ ಏನು ಉಪಯೋಗ? ಎರಡು ದಿನ ಬಿಟ್ಟು ಹೋಗಿ ಜಗಳವಾಡಿದ್ದಕ್ಕೆ ರದ್ದು ಮಾಡಲಾಗದು, ರೀಫಂಡ್ ಮಾಡಿ ಹೊಸದಾಗಿ ಹಾಕುತ್ತೇವೆ ಎಂದರು. ರೀಫಂಡ್ ಆ ದಿನದ ಬೇರೆ ದರದಲ್ಲಿ ಬಂದು ಇನ್ನೊಂದು ಸಾವಿರ ಕರಗಿತು. ಚೀಟಿ ನೋಡಿದ ಕೂಡಲೇ, ಅದೇ ದಿನ, ಅವರ ಯಂತ್ರದ ಆ ದಿನದ ಲೆಕ್ಕ ಮುಚ್ಚುವ ಮೊದಲು ವಾಯ್ಡ್ ಮಾಡಿಸಿದ್ದರೆ, ಅಂದರೆ ವ್ಯವಹಾರವನ್ನೇ ರದ್ದು ಮಾಡಿಸಿದ್ದರೆ, ಒಂದು ಪೈಸೆಯೂ ಹೋಗುತ್ತಿರಲಿಲ್ಲ.

ಆ ರಾತ್ರಿ ಹೋಟೆಲಿನಲ್ಲಿ ಕೂತು ಬ್ಯಾಂಕಿನವರು ಬರೆದಿದ್ದ ಮಾತನ್ನು ನೆನೆದೆ. ಪಿನ್ನೇ ಒಪ್ಪಿಗೆಯಾದರೆ, ಪಿನ್ ಒತ್ತುವವರೆಗೆ ಅಂಗಡಿಯವನ ಕೈಯಲ್ಲಿ ಏನೂ ಇಲ್ಲ. ಆಯ್ಕೆಯ ಕೀಲಿಯನ್ನು ಅವನು ಎಷ್ಟು ಸಲ ಬೇಕಾದರೂ ಒತ್ತಿಕೊಳ್ಳಲಿ. ಅಲ್ಲಿಂದಾಚೆಗೆ ನನ್ನ ಕ್ರಮ ಒಂದೇ ಆಯಿತು. ಕಾರ್ಡು ಕೊಡುವ ಮುಂಚೆಯೇ ‘ದಿರ್ಹಮ್ ಮಾತ್ರ’ ಎಂದು ಗಟ್ಟಿಯಾಗಿ ಹೇಳುವುದು, ಕಾರ್ಡನ್ನು ಆದಷ್ಟು ನಾನೇ ಸಿಕ್ಕಿಸುವುದು, ಯಂತ್ರ ಕೈಗೆ ಬಂದ ಮೇಲೆ ಬೆರಳನ್ನು ಕೆಂಪು ಕೀಲಿಯ ಮೇಲೆ ಇಟ್ಟುಕೊಂಡು ಪರದೆಯ ಮೊತ್ತದ ಪಕ್ಕದ ಮೂರು ಅಕ್ಷರಗಳನ್ನು ಓದುವುದು. ಐಎನ್‌ಆರ್ (ರೂಪಾಯಿ) ಎಂದಿದ್ದರೆ ಕೆಂಪು ಕೀಲಿ. ಮೊತ್ತವನ್ನೇ ತೋರಿಸದೆ ಬರೀ ಪಿನ್ ಕೇಳಿದರೂ ಕೆಂಪು ಕೀಲಿ. ವ್ಯವಹಾರ ಅಲ್ಲಿಗೆ ಬಿದ್ದುಹೋಗುತ್ತದೆ, ಖಾತೆಗೆ ಏನೂ ಆಗುವುದಿಲ್ಲ, ಅವನು ಮೊದಲಿನಿಂದ ಹಾಕಲೇಬೇಕು. ಕೆಲವು ಯಂತ್ರಗಳಲ್ಲಿ ರೂಪಾಯಿಯ ಸಾಲು ಧ್ವಜದ ಸಮೇತ ಮೇಲೆ ದೊಡ್ಡದಾಗಿಯೂ ದಿರ್ಹಮ್ಮಿನದು ಕೆಳಗೆ ಸಣ್ಣದಾಗಿಯೂ ಇರುತ್ತದೆ, ಹಸಿರು ಕೀಲಿ ಒತ್ತಿದರೆ ಮೇಲಿನದೇ ಆಯ್ಕೆಯಾಗುತ್ತದೆ. ಹಸಿರು ಎಂದರೆ ಸರಿ ಎಂದುಕೊಳ್ಳುವ ಬೆರಳಿನ ಅಭ್ಯಾಸವನ್ನು ಬಿಡಿಸಲು ನನಗೆ ನಾಲ್ಕೈದು ಅಂಗಡಿಗಳು ಬೇಕಾದವು.

ಒಬ್ಬ ಕ್ಯಾಶಿಯರ್ ‘ನಿಮ್ಮ ಕಾರ್ಡಿಗೆ ರೂಪಾಯಿ ಬಿಟ್ಟು ಬೇರೆ ಬರುವುದಿಲ್ಲ’ ಎಂದು ಸಾಧಿಸಿದ. ಮೂರು ಸಲ ಕೆಂಪು ಒತ್ತಿದ ಮೇಲೆ ನಾಲ್ಕನೆಯ ಸಲಕ್ಕೆ ಬಂತು.

ಈ ಕ್ರಮಕ್ಕೆ ಒಂದು ತೂತಿತ್ತು. ಕಾರ್ಡನ್ನು ತಾಗಿಸಿ ಕೊಡುವಾಗ ಸಣ್ಣ ಮೊತ್ತಕ್ಕೆ ಪಿನ್ನೇ ಕೇಳುವುದಿಲ್ಲ, ಆಗ ನನ್ನ ಕೈಯಲ್ಲಿನ ಲಗಾಮು ಹೋದಂತೆ. ಪ್ರಯೋಗವಾಗಿ ಹತ್ತು ಹನ್ನೆರಡು ಕಡೆ ಚಹಾ, ಟ್ಯಾಕ್ಸಿ, ನೀರಿನ ಬಾಟಲಿಗೆ ತಾಗಿಸಿ ನೋಡಿದೆ. ಹೆಚ್ಚಿನವು ದಿರ್ಹಮ್ಮಿನಲ್ಲೇ ಬಂದವು, ಎರಡು ಮಾತ್ರ ಕೇಳದೆಯೇ ರೂಪಾಯಿಗೆ ಹೋದವು. ನಮ್ಮ ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರಿಂದ ಅಂತರರಾಷ್ಟ್ರೀಯ ಬಳಕೆಯನ್ನೂ ತಾಗಿಸಿ ಕೊಡುವುದನ್ನೂ ಬೇರೆಬೇರೆಯಾಗಿ ತೆರೆದು ಮುಚ್ಚುವ ಸೌಲಭ್ಯ ನಮಗಿದೆಯಲ್ಲ, ಆ ಎರಡನೆಯದನ್ನು ಆ್ಯಪಿನಲ್ಲಿ ಮುಚ್ಚಿಬಿಟ್ಟೆ. ಈಗ ಚಹಾಕ್ಕೂ ಪಿನ್ ಒತ್ತುತ್ತೇನೆ, ಹಿಂದೆ ನಿಂತವರು ಬೈದುಕೊಳ್ಳಲಿ.

ಎಟಿಎಂ ವಿಷಯದಲ್ಲಿ ಬ್ಯಾಂಕಾಕ್ ನನ್ನನ್ನು ಬೆವರಿಳಿಸಿತು. ಹತ್ತು ಸಾವಿರ ಬಾತ್ ತೆಗೆಯಲು ಹೋದಾಗ ಯಂತ್ರ ಮೊದಲು ತನ್ನ 220 ಬಾತ್ ಶುಲ್ಕ ಹೇಳಿತು, ಅದನ್ನು ತಪ್ಪಿಸಲು ನನಗೆ ದಾರಿ ಸಿಗಲಿಲ್ಲ. ಆಮೇಲೆ ಬಾತಿಗೆ ಎರಡು ರೂಪಾಯಿ ನಲವತ್ತೈದು ಪೈಸೆಯಂತೆ ಲೆಕ್ಕ ತೋರಿಸಿ, ಒಪ್ಪುತ್ತೀರಾ, ನಿರಾಕರಿಸುತ್ತೀರಾ ಎಂದು ಕೇಳಿತು. ನಿರಾಕರಿಸಿದರೆ ಹಣವೇ ಬಾರದೆ ಕಾರ್ಡು ಒಳಗೇ ಉಳಿದೀತೇನೋ ಎಂಬ ಭಯಕ್ಕೆ ಎಷ್ಟೋ ಜನ ಅಲ್ಲಿ ಒಪ್ಪಿಬಿಡುತ್ತಾರೆ, ನನ್ನ ಜೊತೆ ಬಂದಿದ್ದವರು ಪಕ್ಕದ ಯಂತ್ರದಲ್ಲಿ ಒಪ್ಪಿಯೇ ಬಿಟ್ಟರು. ನಾನು ‘ಡಿಕ್ಲೈನ್ ಕನ್ವರ್ಷನ್’ ಒತ್ತಿದೆ. ಎರಡು ಕ್ಷಣ ಪರದೆ ಕಪ್ಪಾಯಿತು, ನೋಟುಗಳು ಬಂದವು. ಬ್ಯಾಂಕು ಹಿಡಿದದ್ದು ಎರಡು ರೂಪಾಯಿ ಇಪ್ಪತ್ತೆಂಟು ಪೈಸೆಯ ದರ. ಜೊತೆಗಿದ್ದವರಿಗಿಂತ ನನಗೆ ಸುಮಾರು ಸಾವಿರದ ಏಳುನೂರು ರೂಪಾಯಿ ಉಳಿಯಿತು. ನಿರಾಕರಿಸುವುದು ಯಂತ್ರದ ದರವನ್ನಷ್ಟೇ, ಹಣವನ್ನಲ್ಲ ಎಂದು ಆ ಸಂಜೆ ಅವರಿಗೆ ತಿಳಿಸಿ ಹೇಳಲು ಅರ್ಧ ಗಂಟೆ ಹಿಡಿಯಿತು.

ದುಬೈನ ಕೆಲವು ಅಂಗಡಿಗಳಲ್ಲಿ ನಮ್ಮ ಯುಪಿಐ ಕೂಡ ನಡೆಯುತ್ತದೆ. ಒಮ್ಮೆ ಎಂಬತ್ತೈದು ದಿರ್ಹಮ್ ಕೊಟ್ಟು ನೋಡಿದೆ. ರೂಪಾಯಿಯ ಮೊತ್ತವನ್ನು ಮೊದಲೇ ತೋರಿಸಿದ್ದು ಮೆಚ್ಚುಗೆಯಾಯಿತು, ದರ ಮಾತ್ರ ಕಾರ್ಡಿಗಿಂತ ತುಸು ದುಬಾರಿಯಾಗಿತ್ತು. ಅದನ್ನು ಅಲ್ಲಿಗೇ ಬಿಟ್ಟೆ. ಹೋಟೆಲ್ ಬುಕ್ ಮಾಡುವ ಜಾಲತಾಣಗಳಲ್ಲೂ ಇದೇ ಕಥೆ: ಭಾರತದಿಂದ ತೆರೆದರೆ ರೂಪಾಯಿ ತೋರಿಸುತ್ತವೆ, ಆದರೆ ಕಂಪನಿ ಹೊರದೇಶದ್ದಾಗಿದ್ದರೆ ಆ ರೂಪಾಯಿಗೂ ಬ್ಯಾಂಕಿನ ಒಂದು ಪರ್ಸೆಂಟ್ ಬೀಳಬಹುದು. ಮೂಲೆಯಲ್ಲಿ ಕರೆನ್ಸಿ ಬದಲಿಸಿ ದಿರ್ಹಮ್ ಮಾಡಿದಾಗ ಅದೇ ಕೋಣೆ ನನಗೆ ಎಂಟುನೂರು ರೂಪಾಯಿ ಕಡಿಮೆಗೆ ಸಿಕ್ಕಿತು.

ಹೋಟೆಲಿನಲ್ಲಿ ಎಚ್ಚರ ಬೇಕಾದದ್ದು ಹೊರಡುವ ದಿನವಲ್ಲ, ಒಳಗೆ ಬರುವ ದಿನ. ಆಗ ಸಹಿ ಹಾಕಿಸುವ ಕಾಗದದಲ್ಲಿ, ಬಿಲ್ಲನ್ನು ಕಾರ್ಡಿನ ದೇಶದ ಕರೆನ್ಸಿಯಲ್ಲಿ ಹಾಕಲು ಒಪ್ಪಿದ್ದೇನೆ ಎಂಬ ಸಾಲೊಂದು ಇರುವುದುಂಟು. ನಾನು ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ದಿರ್ಹಮ್ ಮಾತ್ರ’ ಎಂದು ಬರೆದು, ಫೋನಿನಲ್ಲಿ ಫೋಟೋ ತೆಗೆದುಕೊಳ್ಳುತ್ತೇನೆ. ಅದಾದ ಮೇಲೂ ರೂಪಾಯಿ ಹಾಕಿದರೆ ಮ್ಯಾನೇಜರಿಗೆ ಹೇಳುವ ಒಂದು ವಾಕ್ಯ ನನ್ನ ಬಳಿ ಇದೆ. ಎರಡು ಸಲ ಹೇಳಿದ್ದೇನೆ, ಎರಡೂ ಸಲ ಐದು ನಿಮಿಷದಲ್ಲಿ ವಾಯ್ಡ್ ಆಗಿದೆ. ಅದು ನಮ್ಮ ಮನೆಯಲ್ಲೇ ಇರಲಿ.

2025ರ ಲೆಕ್ಕ ನೋಡಿದ ಮೇಲೂ ಭಾವಮೈದುನ ಬಿಡಲಿಲ್ಲ. ಮರುದಿನ ಬಂದು ‘ಹೋದ ವರ್ಷ ಮೋಸ ಹೋದೆ ಎಂದ ದರ 23.72, ಈ ವರ್ಷ ಗೆದ್ದೆ ಎಂದ ದರವೂ ಇಪ್ಪತ್ಮೂರು ಅರವತ್ತರ ಮೇಲೆ, ಉಳಿದದ್ದೆಲ್ಲಿ’ ಎಂದು ಕೇಳಿದ. ಪ್ರಶ್ನೆ ಚೆನ್ನಾಗಿತ್ತು. ದಿರ್ಹಮ್ಮನ್ನು ಡಾಲರಿಗೆ 3.6725ಕ್ಕೆ ಗೂಟ ಹೊಡೆದು ಕಟ್ಟಿದ್ದಾರೆ, ಆದ್ದರಿಂದ ಡಾಲರಿನ ಮುಂದೆ ರೂಪಾಯಿ ಇಳಿದಷ್ಟೂ ದಿರ್ಹಮ್ಮಿನ ಮುಂದೆಯೂ ಇಳಿಯುತ್ತದೆ. ಆ ಒಂದು ವರ್ಷದಲ್ಲಿ ಡಾಲರು ಎಂಬತ್ಮೂರರಿಂದ ಎಂಬತ್ತೇಳರ ಹತ್ತಿರ ಬಂದಿತ್ತು. ಅಂಗಡಿಯವನು ನನ್ನಿಂದ ಒಂದು ವರ್ಷ ಮುಂಚಿತವಾಗಿಯೇ 2025ರ ದರ ತೆಗೆದುಕೊಂಡಿದ್ದ, ಅಷ್ಟೇ. ಈ ಸಲವೂ ಹೂಂ ಎಂದಿದ್ದರೆ ಇಪ್ಪತ್ತೈದರ ಹತ್ತಿರ ಹೋಗಿ ಆರೇಳು ಸಾವಿರ ಕಳೆಯುತ್ತಿತ್ತು ಎಂದು ಬರೆದು ತೋರಿಸಿದ ಮೇಲೆ, ತನಗೂ ಅದೇ ಕಾರ್ಡು ಮಾಡಿಸಿಕೊಡು ಎಂದ.

ಬಾಡಿಗೆ ಕಾರಿನವರನ್ನು ಮಾತ್ರ ನನಗೆ ಇನ್ನೂ ಗೆಲ್ಲಲಾಗಿಲ್ಲ. ಕಾರು ಹಿಂದಿರುಗಿಸಿದ ಎರಡು ವಾರದ ಮೇಲೆ, ರಸ್ತೆಯ ಸಾಲಿಕ್ ಸುಂಕದ ಬಾಕಿ ಎಂದು ಅವರು ಉಳಿಸಿಟ್ಟುಕೊಂಡ ಕಾರ್ಡಿನ ಮೇಲೆ ತಾವೇ ಹಾಕಿಕೊಳ್ಳುತ್ತಾರೆ. ಅಲ್ಲಿ ಯಂತ್ರವೂ ಇಲ್ಲ, ಪಿನ್ನೂ ಇಲ್ಲ, ಕೆಂಪು ಕೀಲಿಯೂ ಇಲ್ಲ. ಈ ಸಲ 36 ದಿರ್ಹಮ್ಮಿಗೆ 903 ರೂಪಾಯಿ ಹಾಕಿದ್ದಾರೆ. ನಾನು ಪತ್ರ ಬರೆದಿದ್ದೇನೆ, ಉತ್ತರ ಬಂದಿಲ್ಲ.