ಹಳೆಯ ಪ್ರೆಶರ್ ಸೂಟ್ ಸಂಗ್ರಹ: ಕೊಳ್ಳುವ ಮೊದಲು ಕೋಣೆ ಸಿದ್ಧವಾಗಲಿ

ಚಿಕ್ಕಬಳ್ಳಾಪುರದ ಪಕ್ಕದ ನಂದಿ ಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ. ಅದರ ಹದಿಮೂರು ಪಟ್ಟು, ಅಂದರೆ ಸುಮಾರು 19 ಕಿಲೋಮೀಟರ್ ಮೇಲೇರಿದರೆ ಗಾಳಿಯ ಒತ್ತಡ ಎಷ್ಟು ಕುಸಿದಿರುತ್ತದೆಂದರೆ, ನಮ್ಮ ಮೈಯ 37 ಡಿಗ್ರಿ ಬಿಸಿಗೇ ನೀರು ಕುದಿಯತೊಡಗುತ್ತದೆ. ಅಂಥ ಕಡೆ ಮನುಷ್ಯನ ಜೀವ ಉಳಿಸಲೆಂದು ಹೊಲಿದ ಉಡುಪುಗಳೇ ಪ್ರೆಶರ್ ಸೂಟುಗಳು. ಅವುಗಳನ್ನು ಸಂಗ್ರಹಿಸುವ ಆಸಕ್ತಿ ಈಚೆಗೆ ನಮ್ಮ ಊರುಗಳಲ್ಲೂ ಕೆಲವರಲ್ಲಿ ಮೂಡಿದೆ. ಅವರಿಗೆ ನಾನು ಹೇಳುವ ಮೊದಲ ಮಾತು, ಸೂಟನ್ನು ಹುಡುಕುವ ಮೊದಲು ಅದನ್ನು ಇಡುವ ಜಾಗವನ್ನು ಹುಡುಕಿ ಎಂಬುದು.

ಈ ಉಡುಪುಗಳ ಪ್ರಾಣವಿರುವುದು ಒಳಗಿನ ರಬ್ಬರಿನಲ್ಲಿ. ಮೊದಲು ಹಾಳಾಗುವುದೂ ಅದೇ. ಬಿಸಿಲು, ಸೆಕೆ, ತೇವ, ಮೋಟಾರುಗಳ ಕಿಡಿಯಿಂದ ಹುಟ್ಟುವ ಓಝೋನ್, ಇವೆಲ್ಲ ಸೇರಿ ರಬ್ಬರನ್ನು ಅಂಟಂಟಾಗಿಸುತ್ತವೆ, ಇಲ್ಲವೇ ಹಪ್ಪಳದಂತೆ ಮುರಿಯುವ ಹಾಗೆ ಮಾಡುತ್ತವೆ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆ ಚಂದ್ರಯಾನದ ತನ್ನ ಅಪೊಲೊ ಸೂಟುಗಳನ್ನು ಸುಮಾರು 18 ಡಿಗ್ರಿ ತಂಪಿನಲ್ಲಿ, ಕಡಿಮೆ ತೇವದಲ್ಲಿ, ಕತ್ತಲಲ್ಲಿ ಕಾಪಾಡುತ್ತದೆ. ಮನೆಯಲ್ಲಿ ಅಷ್ಟು ಮಾಡಲಾಗದಿದ್ದರೂ ನಮ್ಮ ಬಯಲುಸೀಮೆಯ ಗಾಳಿ ಕರಾವಳಿಯದಕ್ಕಿಂತ ಒಣಗಿದ್ದು, ದಪ್ಪ ಗೋಡೆಯ ಹಳೆಯ ಮನೆಯ ಒಳಕೋಣೆ ಸಾಕಷ್ಟು ತಂಪಾಗಿರುತ್ತದೆ. ಅಟ್ಟ ಮತ್ತು ತಗಡಿನ ಟ್ರಂಕು ಮಾತ್ರ ಬೇಡವೇ ಬೇಡ. ನಾನು ಒಂದು ಬೇಸಿಗೆಯಲ್ಲಿ ಒಂದು ಜೊತೆ ಕೈಗವಸುಗಳನ್ನು ಹಾಗೆ ಇಟ್ಟು, ಮುಂಗಾರು ಶುರುವಾದ ಮೇಲೆ ತೆಗೆದು ನೋಡಿದಾಗ ಬೆರಳುಗಳ ಒಳಪದರ ಒಂದಕ್ಕೊಂದು ಅಂಟಿಕೊಂಡು ಬಿಡಿಸಲಾಗದಂತಾಗಿತ್ತು; ಆ ನಷ್ಟ ಇಂದಿಗೂ ನೋಯಿಸುತ್ತದೆ.

ರೇಷ್ಮೆ ಸೀರೆಯನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಮಡಿಚಿಡುವ ನಮ್ಮ ಮನೆಗಳ ಪದ್ಧತಿ ಇಲ್ಲಿಗೆ ಅರ್ಧ ಮಾತ್ರ ಹೊಂದುತ್ತದೆ. ಚೆನ್ನಾಗಿ ಒಗೆದು ಗಂಜಿ ಬಿಡಿಸಿದ ಹಳೆಯ ಪಂಚೆ ಹೊದಿಕೆಗೆ ಸರಿ, ಆದರೆ ಸೂಟನ್ನು ಮಡಿಚಬಾರದು. ತೋಳು, ಕಾಲುಗಳೊಳಗೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿಯನ್ನು ಸಡಿಲವಾಗಿ ತುಂಬಿ ಅಂಗಾತ ಮಲಗಿಸಬೇಕು. ಹಳತಾದ ರಬ್ಬರು ಹಾನಿಕರ ಆವಿ ಬಿಡುವುದರಿಂದ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಬಾರದು.

ಎರಡನೆಯ ಹೆಜ್ಜೆ, ಬಗೆಗಳನ್ನು ಗುರುತಿಸುವುದು. ಇಡೀ ಮೈಯನ್ನು ಗಾಳಿಯ ಚೀಲದೊಳಗೆ ಇರಿಸುವುದು ಪೂರ್ಣ ಒತ್ತಡದ ಸೂಟು. ಅಮೆರಿಕದ ಮೊದಲ ಗಗನಯಾನ ಯೋಜನೆಯಾದ ಮರ್ಕ್ಯುರಿಯ ಗಗನಯಾತ್ರಿಗಳ ಉಡುಪು ಅಮೆರಿಕದ ನೌಕಾಪಡೆಗೆ ಗುಡ್‌ರಿಚ್ ಕಂಪನಿ ಮಾಡಿಕೊಟ್ಟಿದ್ದ ಮಾರ್ಕ್-4 ಎಂಬ ಇಂಥ ಸೂಟಿನಿಂದಲೇ ಹುಟ್ಟಿತು. ಭಾಗಶಃ ಒತ್ತಡದ ಸೂಟಿನಲ್ಲಿ ತೋಳು, ಕಾಲುಗಳ ಉದ್ದಕ್ಕೂ ಕೊಳವೆಗಳಿದ್ದು, ಅವು ಉಬ್ಬಿದಾಗ ಬಟ್ಟೆ ಮೈಯನ್ನು ಬಿಗಿಯುತ್ತದೆ. 1960ರ ಆಗಸ್ಟ್ 16ರಂದು ಸುಮಾರು 31 ಕಿಲೋಮೀಟರ್ ಎತ್ತರದ ಬಲೂನಿನಿಂದ ಜಿಗಿದ ಅಮೆರಿಕದ ವಾಯುಪಡೆಯ ಜೋಸೆಫ್ ಕಿಟ್ಟಿಂಜರ್ ತೊಟ್ಟಿದ್ದು ಈ ಬಗೆಯದನ್ನು. ಅವರ ಬಲಗೈ ಗವಸಿಗೆ ಒತ್ತಡ ಬಾರದೆ ಕೈ ಊದಿಕೊಂಡಿತ್ತು. ಸಂಗ್ರಾಹಕರು ಕೈಗವಸಿಗೆ ಅಷ್ಟು ಬೆಲೆ ಕೊಡುವುದೇಕೆಂದು ಕೇಳುವವರಿಗೆ ನಾನು ಈ ಘಟನೆಯನ್ನೇ ಹೇಳುತ್ತೇನೆ.

ಹೊಸಬರು ಸೋವಿಯತ್ ಒಕ್ಕೂಟದ ವಿಕೆಕೆ-6 ಎಂಬ ಭಾಗಶಃ ಒತ್ತಡದ ಸೂಟು ಮತ್ತು ಜಿಎಸ್‌ಎಚ್-6 ಹೆಲ್ಮೆಟ್‌ನಿಂದ ಆರಂಭಿಸುವುದು ಒಳ್ಳೆಯದು. ನಮ್ಮ ವಾಯುಪಡೆಯಲ್ಲಿ ಮಿಗ್-21 ಹಾರಿಸಿದ ಆರಂಭದ ಪೈಲಟ್‌ಗಳೂ ಸೋವಿಯತ್ ಮಾದರಿಯ ಇಂಥ ಬಿಗಿಯುಡುಪು ತೊಟ್ಟವರೇ. ರಷ್ಯನ್ ಲಿಪಿಯ ‘ವ’ ಅಕ್ಷರ ರೋಮನ್ ‘ಬಿ’ಯಂತೆ ಕಾಣುವುದರಿಂದ ಹುಡುಕುವಾಗ ಬಿಕೆಕೆ ಎಂದೂ ಬರೆದು ನೋಡಬೇಕು. 1971ರಲ್ಲಿ ಸೂಟು ತೊಡದೆ ಮರಳುತ್ತಿದ್ದ ಸೋವಿಯತ್ ನೌಕೆ ಸೋಯುಜ್-11ರ ಮೂವರು ಗಗನಯಾತ್ರಿಗಳು ಗಾಳಿ ಸೋರಿ ಸತ್ತ ಮೇಲೆ ರೂಪುಗೊಂಡ ಸೊಕೊಲ್ ಸೂಟು ದುಬಾರಿ. ಅದೇ ಬಗೆಯ ಸೂಟು ತೊಟ್ಟು 1984ರ ಏಪ್ರಿಲ್ 3ರಂದು ರಾಕೇಶ್ ಶರ್ಮಾ ಹಾರಿದರು.

ಕೊಳ್ಳುವಾಗ ಒಳಮೈಯ ಚೀಟಿ, ಕ್ರಮಸಂಖ್ಯೆ, ಲಾಡಿಗಳು, ಜಿಪ್ಪಿನ ಹಲ್ಲು, ಕುತ್ತಿಗೆಯ ರಬ್ಬರು, ಇವುಗಳ ಹತ್ತಿರದ ಚಿತ್ರಗಳನ್ನು ಕೇಳಿ ಪಡೆಯಬೇಕು. ಸೂಟಿನ ಮತ್ತು ಹೆಲ್ಮೆಟ್‌ನ ತಯಾರಿಕಾ ವರ್ಷಗಳು ಬೇರೆಯಾಗಿದ್ದರೆ ದೋಷವಲ್ಲ, ಆದರೆ ಮಾರುವವರು ಅದನ್ನು ಮುಚ್ಚಿಟ್ಟರೆ ಅನುಮಾನಿಸಬೇಕು. ಚಂದ್ರನ ಮೇಲೆ ನಡೆದವರ ಸೂಟುಗಳು ಸ್ಮಿತ್ಸೋನಿಯನ್‌ನ ವಶದಲ್ಲಿವೆ. ಅಂಥದ್ದನ್ನು ಮಾರುತ್ತೇನೆನ್ನುವವರ ಜೊತೆ ಮಾತು ಬೆಳೆಸಬೇಕಿಲ್ಲ. ವಿದೇಶದಿಂದ ತರಿಸುವಾಗ ಕಸ್ಟಮ್ಸ್ ಸುಂಕವನ್ನೂ, ಆ ದೇಶದ ಸೇನಾ ಸಾಮಗ್ರಿಯ ರಫ್ತು ನಿಯಮವನ್ನೂ ಮುಂಚಿತವಾಗಿ ವಿಚಾರಿಸಬೇಕು. ನಮ್ಮ ವಾಯುಪಡೆಯ ಗುರುತಿದ್ದರೆ ವಿಲೇವಾರಿಯ ಕಾಗದವಿಲ್ಲದೆ ಮುಟ್ಟಬಾರದು.

ಮನೆಗೆ ಬಂದ ಸೂಟನ್ನು ತೊಡುವುದಾಗಲಿ, ಗಾಳಿ ತುಂಬಿ ಪರೀಕ್ಷಿಸುವುದಾಗಲಿ ಸಲ್ಲದು. ಒಮ್ಮೆ ಉಬ್ಬಿದ ಹಳೆಯ ಕೊಳವೆ ಮತ್ತೆಂದೂ ಸರಿಯಾಗದಂತೆ ಸೀಳಬಹುದು. ಆಮ್ಲಜನಕದ ತಿರುಪುಗಳಿಗೆ ಎಣ್ಣೆ ಹಾಕಲೇಬಾರದು, ಶುದ್ಧ ಆಮ್ಲಜನಕದ ಜೊತೆ ಎಣ್ಣೆ ಸೇರಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಕೈಗೆ ಗವಸು ಹಾಕಿಕೊಂಡೇ ಮುಟ್ಟಿ, ಬಂದ ದಿನವೇ ಎಲ್ಲ ಮಗ್ಗುಲಿನ ಚಿತ್ರ ತೆಗೆದು, ಎಲ್ಲಿಂದ, ಯಾರಿಂದ, ಯಾವ ಸ್ಥಿತಿಯಲ್ಲಿ ಬಂತೆಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಬೇಸಿಗೆಗೆ ಮುನ್ನ ಒಮ್ಮೆ, ಮಳೆಗಾಲದ ನಂತರ ಒಮ್ಮೆ ಹೊದಿಕೆ ತೆರೆದು ರಬ್ಬರಿನ ವಾಸನೆ, ಬಣ್ಣ, ಮೆದುತನವನ್ನು ಅದೇ ಪುಟದ ಕೆಳಗೆ ದಿನಾಂಕದೊಡನೆ ದಾಖಲಿಸಬೇಕು.