ಒಂದೂರಿಗೆ ಎರಡು ರಾತ್ರಿ: ಕುಮಾವೂನ್ ಬೆಟ್ಟಗಳಲ್ಲಿ ಮನೆಮಂದಿಯ ಸುತ್ತಾಟ

ಹಿಮಾಲಯದ ತಪ್ಪಲಿಗೆ ಮನೆಮಂದಿಯೆಲ್ಲ ಹೊರಡುವುದಾದರೆ ಮೊದಲು ಕಿಲೋಮೀಟರ್ ಲೆಕ್ಕ ಬಿಡಬೇಕು. ಅಲ್ಮೋರದಿಂದ ಕೌಸಾನಿಗೆ ಐವತ್ತು ಚಿಲ್ಲರೆ ಕಿಲೋಮೀಟರ್. ಬಯಲುಸೀಮೆಯ ಹೆದ್ದಾರಿಯಲ್ಲಿ ಅದು ಒಂದು ಗಂಟೆಯೊಳಗಿನ ದಾರಿ. ಅಲ್ಲಿ ಎರಡು, ಎರಡೂವರೆ ಗಂಟೆ ಹಿಡಿಯುತ್ತದೆ. ಹಾಗಾಗಿ ನಾನು ಪ್ಲ್ಯಾನ್ ಮಾಡಲು ಕೂತಾಗ ಗಂಟೆಗೆ 25 ಕಿಲೋಮೀಟರ್ ಅಂತ ಹಿಡಿದೆ. ಟೀ, ಶೌಚಾಲಯ, ಮಕ್ಕಳ ಗಲಾಟೆ ಎಲ್ಲ ಅದರಲ್ಲೇ ಸೇರಿತು. ಒಂದು ದಿನಕ್ಕೆ ನಾಲ್ಕು ಗಂಟೆಗಿಂತ ಜಾಸ್ತಿ ಗಾಡಿಯಲ್ಲಿ ಕೂರಬಾರದು ಅನ್ನುವುದು ಎರಡನೇ ಲೆಕ್ಕ.

ನಾವು ಹೊರಟಿದ್ದು ಉತ್ತರಾಖಂಡದ ಕುಮಾವೂನ್ ಭಾಗಕ್ಕೆ. ನಮ್ಮಲ್ಲಿ ಇಬ್ಬರನ್ನು ನೋಡಿಕೊಂಡು ಇಡೀ ಪ್ಲ್ಯಾನ್ ಮಾಡಬೇಕಿತ್ತು. ಒಬ್ಬರು ಮಂಡಿನೋವಿನ ನಮ್ಮ ಅತ್ತೆ. ಇನ್ನೊಬ್ಬ, ಗಾಡಿ ನಾಲ್ಕು ತಿರುವು ತಿರುಗಿದರೆ ಹೊಟ್ಟೆ ತೊಳಸಿಕೊಳ್ಳುವ ನನ್ನ ಮಗ. ಯಜಮಾನರು, ನಾದಿನಿ, ಮಗಳು, ನಾನು ಹೇಗೋ ಹೊಂದಿಕೊಳ್ಳುತ್ತೇವೆ. ಅವರಿಬ್ಬರಿಗೆ ಆಗದ್ದು ಯಾವುದೂ ಪಟ್ಟಿಯಲ್ಲಿ ಇರಬಾರದು ಅಂತ ಶುರುವಿನಲ್ಲೇ ಹೇಳಿಬಿಟ್ಟೆ.

ಆಮೇಲೆ ಬಂದದ್ದು ಎರಡು ರಾತ್ರಿಯ ನಿಯಮ. ಯಾವ ಊರಿನಲ್ಲಿ ತಂಗಿದರೂ ಎರಡು ರಾತ್ರಿ. ದಿನಾ ಬ್ಯಾಗ್ ಕಟ್ಟಿ ಬಿಚ್ಚುವ ಕಾಟ ತಪ್ಪುತ್ತದೆ ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಹಿಮದ ಶಿಖರಗಳು. ಅವು ಚೆನ್ನಾಗಿ ಕಾಣುವುದು ಬೆಳಗಿನ ಹೊತ್ತು. ಬಿಸಿಲೇರಿದಂತೆ ಕಣಿವೆಯಿಂದ ಮೋಡ ಏಳುತ್ತದೆ, ಹತ್ತು ಗಂಟೆ ಹೊತ್ತಿಗೆ ಎಷ್ಟೋ ದಿನ ಎಲ್ಲ ಮುಚ್ಚಿಹೋಗಿರುತ್ತದೆ. ಒಂದೇ ರಾತ್ರಿ ಉಳಿದರೆ ಸಿಗುವುದು ಒಂದೇ ಬೆಳಗು. ಅದು ಮೋಡದ ಬೆಳಗಾದರೆ ಅಷ್ಟು ದೂರ ಹೋಗಿದ್ದೂ ಸುಮ್ನೆ. ಎರಡು ರಾತ್ರಿ ಇದ್ದರೆ ಎರಡು ಬೆಳಗು ಸಿಗುತ್ತವೆ. ಇಡೀ ಪ್ಲ್ಯಾನಿನಲ್ಲಿ ನಾನು ಬಿಡದೆ ಹಿಡಿದ ಮಾತು ಇದೊಂದೇ.

ಈ ನಿಯಮ ಹಾಕಿದ ಕೂಡಲೇ ಪಟ್ಟಿ ತಾನಾಗಿ ಕರಗಿತು. ಯಜಮಾನರಿಗೆ ಮುನ್ಸಿಯಾರಿಗೆ ಹೋಗಿ ಪಂಚಚೂಲಿ ಶಿಖರಗಳನ್ನು ಹತ್ತಿರದಿಂದ ನೋಡುವ ಆಸೆ ಇತ್ತು. ಅಲ್ಮೋರದಿಂದ ಮುನ್ಸಿಯಾರಿ ಸುಮಾರು ಇನ್ನೂರು ಕಿಲೋಮೀಟರ್, ಅಂದರೆ ಹೋಗಲು ಒಂದಿಡೀ ದಿನ, ಬರಲು ಇನ್ನೊಂದು. "ಅಮ್ಮನ ಮಂಡಿ ಎಂಟು ಗಂಟೆ ಮಡಚಿಕೊಂಡು ಇರುತ್ತಾ ಹೇಳಿ" ಅಂದೆ. ಅವರೇ ಪೆನ್ನು ತಗೊಂಡು ಅದನ್ನು ಹೊಡೆದುಹಾಕಿದರು. ಬಿನ್ಸರ್‌ನಲ್ಲಿ ತಂಗುವುದನ್ನೂ ಬಿಟ್ಟೆವು. ಕಾಡು ಸೊಗಸಾಗಿದೆ. ಆದರೆ ಶಿಖರಗಳ ನೋಟಕ್ಕೆ ಜೀರೋ ಪಾಯಿಂಟಿನವರೆಗೆ ನಡೆದೇ ಹೋಗಬೇಕು. ಕೊನೆಗೆ ಉಳಿದದ್ದು ಕಾರ್ಬೆಟ್ ಹುಲಿ ಕಾಡಿನ ಪಕ್ಕದ ರಾಮನಗರ, ಭೀಮತಾಲ, ಮುಕ್ತೇಶ್ವರ, ಅಲ್ಮೋರ, ಕೌಸಾನಿ. ಇಳಿಯುವ ದಾರಿಯಲ್ಲಿ ರಾಣಿಖೇತ್‌ನಲ್ಲಿ ಮಾತ್ರ ಒಂದು ರಾತ್ರಿ, ಅದೂ ದಾರಿಯನ್ನು ಎರಡು ತುಂಡು ಮಾಡಲು.

ಯಾವ ತಿಂಗಳು ಅನ್ನುವುದಕ್ಕೆ ಜಾಸ್ತಿ ಯೋಚಿಸಲಿಲ್ಲ. ಮೇ, ಜೂನ್‌ನಲ್ಲಿ ಮಂಜು ಮಂಜಾದ ಧೂಳು, ಪೈನ್ ಕಾಡಿಗೆ ಬೀಳುವ ಬೆಂಕಿಯ ಹೊಗೆ, ಮೇಲಿಂದ ಜನ. ಜುಲೈ, ಆಗಸ್ಟ್ ಗುಡ್ಡ ಜರಿಯುವ ಕಾಲ. ಮಳೆಗಾಲ ಹಿಂದೆ ಸರಿದ ಮೇಲೆ, ಅಕ್ಟೋಬರ್‌ನಿಂದ ನವೆಂಬರ್ ನಡುವಿನವರೆಗೆ ಆಕಾಶ ತೊಳೆದಂತಿರುತ್ತದೆ. ಮಕ್ಕಳ ದಸರಾ ರಜೆಗೂ ಹೊಂದಿತು. ಆದರೂ ಒಂದು ಖಾಲಿ ದಿನ ಇಟ್ಟುಕೊಳ್ಳಲೇಬೇಕು. 2021ರ ಅಕ್ಟೋಬರ್ 18, 19ರಂದು ಮುಕ್ತೇಶ್ವರದಲ್ಲಿ 24 ಗಂಟೆಯಲ್ಲಿ 340 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಸುರಿದಿತ್ತು. ರಸ್ತೆಗಳು ಕಿತ್ತುಹೋದವು, ಬಹಳ ಜನ ಸತ್ತರು, ಪ್ರವಾಸಿಗರು ಎಲ್ಲೆಲ್ಲೋ ಸಿಕ್ಕಿಬಿದ್ದರು. ಅದು ಒಳ್ಳೆಯ ಕಾಲ ಅಂತ ಎಲ್ಲರೂ ಹೇಳುವ ತಿಂಗಳಿನಲ್ಲೇ ಆದದ್ದು. ಹಾಗಾಗಿ ಖಾಲಿ ದಿನವನ್ನು ಪ್ರವಾಸದ ಕೊನೆಯಲ್ಲಿ ಇಟ್ಟೆ. ರಸ್ತೆ ಬಂದ್ ಆದರೆ ಅದು ಖರ್ಚಾಗುತ್ತದೆ, ಆಗದಿದ್ದರೆ ದೆಹಲಿಯಲ್ಲಿ ಸುತ್ತಾಡಲು ಸಿಗುತ್ತದೆ.

ಊರುಗಳನ್ನು ಯಾವ ಸರದಿಯಲ್ಲಿ ಜೋಡಿಸಬೇಕು ಅನ್ನುವುದು ನನಗೆ ಬಹಳ ಮುಖ್ಯ ಅನಿಸಿತು. ಕಾರ್ಬೆಟ್ ಕಾಡಿನ ಸಫಾರಿಗೆ ಮೊದಲೇ ಆನ್‌ಲೈನ್‌ನಲ್ಲಿ ಪರ್ಮಿಟ್ ತೆಗೆಯಬೇಕು. ದಿನ, ಹೊತ್ತು, ಗೇಟು, ಹೋಗುವವರ ಹೆಸರು ಎಲ್ಲ ಅದರಲ್ಲೇ ಬರೆದಿರುತ್ತದೆ. ಹೆಸರು ಗುರುತಿನ ಚೀಟಿಯಲ್ಲಿ ಇರುವಂತೆಯೇ ಇರಬೇಕು. ತುಂಬ ಜನ ಬೆಟ್ಟ ಸುತ್ತಿ, ಇಳಿದು ಬರುವಾಗ ಕಾರ್ಬೆಟ್ ಇಟ್ಟುಕೊಳ್ಳುತ್ತಾರೆ. ಮೇಲೆ ರಸ್ತೆ ಬಂದ್ ಆಗಿ ಒಂದು ದಿನ ತಡವಾದರೆ ಪರ್ಮಿಟ್ ಹೋದಂತೆಯೇ. ನಾನು ತಿರುಗಿಸಿ ಹಾಕಿದೆ. ದೆಹಲಿಯಿಂದ ರೈಲಿನಲ್ಲಿ ನೇರ ರಾಮನಗರ, ಮೊದಲು ಸಫಾರಿ, ಆಮೇಲೆ ಬೆಟ್ಟ. ರಾಮನಗರ ಬಯಲಿನ ಅಂಚಿನಲ್ಲೇ ಇರುವುದರಿಂದ ಗುಡ್ಡ ಜರಿಯುವ ಭಯ ಇಲ್ಲ. ದಿನಾಂಕ ಅಲುಗಾಡದ ಕೆಲಸ ಮೊದಲು ಮುಗಿದರೆ ಆಮೇಲಿನ ದಿನಗಳನ್ನು ಹೇಗೆ ಬೇಕಾದರೂ ಹಿಂದೆಮುಂದೆ ಮಾಡಬಹುದು.

ಅಕ್ಟೋಬರ್ ನಡುವಿನಲ್ಲಿ ಕಾರ್ಬೆಟ್‌ನ ಬಿಜ್ರಾನಿ ಗೇಟು ತೆರೆಯುತ್ತದೆ. ಢಿಕಾಲಾ ತೆರೆಯುವುದು ನವೆಂಬರ್ 15ಕ್ಕೆ. ಝಿರ್ನಾ ವರ್ಷವಿಡೀ ಇರುತ್ತದೆ, ನಾವು ಅದನ್ನೇ ಹಿಡಿದೆವು. ಸಫಾರಿಯ ಜಿಪ್ಸಿ ಜೀಪಿನ ಕುಲುಕಾಟ ಅತ್ತೆಗೆ ಆಗುವುದಿಲ್ಲ, ಅವರು ರೂಮಿನಲ್ಲೇ ಉಳಿದರು. ಅದರ ಬದಲು ಮಾರನೇ ದಿನ ದಾರಿಯಲ್ಲಿ ಕಾಲಾಢೂಂಗಿಯಲ್ಲಿ ಜಿಮ್ ಕಾರ್ಬೆಟ್ ಅವರ ಮನೆಗೆ ಕರೆದುಕೊಂಡು ಹೋದೆವು. 1947ರಲ್ಲಿ ಕೀನ್ಯಾಕ್ಕೆ ಹೋಗುವವರೆಗೂ ಅವರು ಚಳಿಗಾಲ ಕಳೆಯುತ್ತಿದ್ದ ಮನೆ, ಈಗ ಮ್ಯೂಸಿಯಂ. ಮರದ ನೆರಳಿನ ಅಂಗಳ. ಅತ್ತೆಗೆ ಸಫಾರಿಗಿಂತ ಇದೇ ಹಿಡಿಸಿರಬೇಕು, ಹೊರಡೋಣ ಅಂದರೂ ಏಳಲಿಲ್ಲ.

ಗಾಡಿ ವಿಷಯಕ್ಕೆ ಬರೋಣ. ನಾವೇ ಓಡಿಸುವ ಮಾತನ್ನು ಯಜಮಾನರು ಎತ್ತಿದ್ದರು. ನಾನು ಒಪ್ಪಲಿಲ್ಲ. ಅಲ್ಲಿಯ ರಸ್ತೆಯಲ್ಲಿ ಓಡಿಸುವವರಿಗೆ ಏನೂ ನೋಡಲು ಆಗುವುದಿಲ್ಲ, ಕಣ್ಣು ತಿರುವಿನ ಮೇಲೇ ಇರಬೇಕು. ಅಲ್ಲಿಯದೇ ಹಳದಿ ಪ್ಲೇಟಿನ ಟ್ಯಾಕ್ಸಿ, ಅಲ್ಲಿಯವರೇ ಡ್ರೈವರ್ ಆಗಬೇಕು ಅಂತ ಹಠ ಹಿಡಿದೆ. ಇಳಿಜಾರಿನಲ್ಲಿ ಬ್ರೇಕ್ ತುಳಿಯುತ್ತಾ ಇರದೆ ಕೆಳಗಿನ ಗೇರಿನಲ್ಲಿ ಇಳಿಸುವುದು, ಏರುವ ಗಾಡಿಗೆ ದಾರಿ ಬಿಡುವುದು ಅವರಿಗೆ ಉಸಿರಾಟದಷ್ಟೇ ಸಲೀಸು. ಬುಕ್ ಮಾಡುವಾಗ ನಾನು ಕೇಳಿದ್ದು ಇಷ್ಟು. ಮೇಲೆ ಕ್ಯಾರಿಯರ್, ಟಾರ್ಪಾಲು ಇದೆಯಾ? ಯಾಕೆಂದರೆ ಮೂರು ಸಾಲಿನ ಗಾಡಿಯಲ್ಲಿ ಎಲ್ಲರೂ ಕೂತರೆ ಹಿಂದೆ ಬ್ಯಾಗಿಗೆ ಜಾಗವೇ ಇರುವುದಿಲ್ಲ. ಡ್ರೈವರ್ ರಾತ್ರಿ ಊಟ, ಮಲಗುವ ಜಾಗ ಬಾಡಿಗೆಯಲ್ಲೇ ಸೇರಿದೆಯಾ? ಮೈನ್ ರೋಡ್ ಬಂದ್ ಆದರೆ ಬಳಸುದಾರಿಯ ಬಾಡಿಗೆ ಹೇಗೆ? ಅಲ್ಮೋರದ ಹೆದ್ದಾರಿಯಲ್ಲಿ ಕ್ವಾರಬ್ ಹತ್ತಿರ ಗುಡ್ಡ ಆಗಾಗ ಜರಿಯುತ್ತದೆ, ಹಾಗಾಗಿ ಈ ಪ್ರಶ್ನೆ ಸುಮ್ನೆ ಕೇಳಿದ್ದಲ್ಲ.

ಬಂದ ಡ್ರೈವರ್ ಅಲ್ಮೋರ ಕಡೆಯವರು. ಅಲ್ಲಿ ಅಣ್ಣನಿಗೆ ದಾಜ್ಯು ಅನ್ನುತ್ತಾರೆ, ನಾವೂ ಹಾಗೇ ಕರೆದೆವು. ಅವರು ಅತ್ತೆಯನ್ನು ಮಾತಾಜಿ ಅಂತ ಕರೆದು, ಪ್ರತಿ ಸಲ ಇಳಿಯುವಾಗ ಗಾಡಿಯನ್ನು ರಸ್ತೆಯ ಎತ್ತರದ ಬದಿಗೆ ಒತ್ತಿ ನಿಲ್ಲಿಸುತ್ತಿದ್ದರು, ಕಾಲು ಕೆಳಗಿಡಲು ಸುಲಭವಾಗಲಿ ಅಂತ. ನಾವು ಯಾರೂ ಹೇಳಿರಲಿಲ್ಲ.

ವಾಂತಿಯದು ದೊಡ್ಡ ಚಿಂತೆಯಾಗಿತ್ತು. ಕಣ್ಣು ನೋಡುವುದಕ್ಕೂ ಒಳಗಿವಿ ಹೇಳುವುದಕ್ಕೂ ತಾಳೆಯಾಗದಿದ್ದಾಗ ಹೊಟ್ಟೆ ತೊಳಸುತ್ತದೆ. ಹಾಗಾಗಿ ಗಾಡಿಯೊಳಗೆ ಮೊಬೈಲ್ ಬಂದ್, ಪುಸ್ತಕವೂ ಬಂದ್. ಮಗನನ್ನು ಮೂರನೇ ಸಾಲಿಗೆ ಕೂರಿಸಲೇ ಇಲ್ಲ. ನಡುವಿನ ಸಾಲಿನ ಮಧ್ಯದಲ್ಲಿ, ಮುಂದಿನ ರಸ್ತೆ ಕಾಣುವ ಹಾಗೆ ಕೂರಿಸಿದೆ. ನಮ್ಮ ಡಾಕ್ಟರ್ ಬರೆದುಕೊಟ್ಟ ಮಾತ್ರೆಯನ್ನು ಹೊರಡುವ ಮೊದಲೇ ಕೊಟ್ಟೆ, ವಾಂತಿ ಶುರುವಾದ ಮೇಲೆ ಕೊಟ್ಟರೆ ಅದು ನಿಲ್ಲುವುದಿಲ್ಲ. ಬೆಳಗಿನ ತಿಂಡಿ ಎರಡು ಟೋಸ್ಟ್, ಬಾಳೆಹಣ್ಣು, ಅಷ್ಟೇ. ಪೂರಿ, ಆಲೂ ಪರಾಠ ಊರು ತಲುಪಿದ ಮೇಲೆ. ಏರುವ ದಾರಿಯನ್ನೂ ನೋಡಿ ಆರಿಸಿದೆ. ಕಾಲಾಢೂಂಗಿಯಿಂದ ನೇರ ನೈನಿತಾಲಿಗೆ ಏರುವ ಬದಲು ಹಲ್ದ್ವಾನಿವರೆಗೆ ಬಯಲಿನಲ್ಲೇ ಬಂದು, ಕಾಠಗೋದಾಮ್‌ನಿಂದ ಭೀಮತಾಲಕ್ಕೆ ಹತ್ತಿದೆವು. ತಿರುವಿನ ರಸ್ತೆ ಅಲ್ಲಿ ಇಪ್ಪತ್ತು ಕಿಲೋಮೀಟರ್ ಮಾತ್ರ. ಎತ್ತರದ ಬಗ್ಗೆ ಅತ್ತೆಗೆ ಭಯವಿತ್ತು. ಭೀಮತಾಲ ಸುಮಾರು 1,370 ಮೀಟರ್, ಮುಕ್ತೇಶ್ವರ 2,200ರ ಆಸುಪಾಸು. ಉಸಿರಿನ ತೊಂದರೆ ಸಾಮಾನ್ಯವಾಗಿ ಶುರುವಾಗುವುದು 2,500 ಮೀಟರ್ ದಾಟಿದ ಮೇಲೆ. ಬಿಪಿ ನೋಡುವ ಡಾಕ್ಟರನ್ನೂ ಕೇಳಿದೆವು, ಧಾರಾಳವಾಗಿ ಹೋಗಿ ಅಂದರು.

ರೂಮ್ ಬುಕ್ ಮಾಡುವಾಗ ಫೋಟೋ ನೋಡಿ ಮರುಳಾಗಬಾರದು. ಬೆಟ್ಟದೂರಿನಲ್ಲಿ ಗಾಡಿ ಒಂದು ಕಡೆ ನಿಲ್ಲುತ್ತದೆ, ಮನೆ ಅದರ ಮೇಲೋ ಕೆಳಗೋ ಇರುತ್ತದೆ. ಹಾಗಾಗಿ ಪ್ರತಿಯೊಂದು ಕಡೆಗೂ ಫೋನ್ ಮಾಡಿ ನನ್ನ ಹಿಂದಿಯಲ್ಲಿ ಕೇಳಿದೆ, "ಗಾಡಿ ನಿಲ್ಲುವ ಜಾಗದಿಂದ ರೂಮಿನ ಬಾಗಿಲಿಗೆ ಎಷ್ಟು ಮೆಟ್ಟಿಲು?" ಮುಕ್ತೇಶ್ವರದ ಒಂದು ಹೋಂಸ್ಟೇಯವರು, "ಸ್ವಲ್ಪವೇ ಮೇಡಂ, ಮಕ್ಕಳು ಓಡಿಕೊಂಡು ಹತ್ತುತ್ತಾರೆ" ಅಂದರು. "ನಮ್ಮ ಅತ್ತೆಗೆ ಮಂಡಿನೋವು ಭಯ್ಯಾ, ಒಂದು ಸಲ ಎಣಿಸಿ ಹೇಳ್ತೀರಾ?" ಅಂದೆ. ಫೋನ್ ಕೈಯಲ್ಲಿ ಹಿಡಿದುಕೊಂಡೇ ಎಣಿಸುತ್ತಾ ಹತ್ತಿದರು, ಏದುಸಿರು ನನಗೂ ಕೇಳುತ್ತಿತ್ತು. ಅರವತ್ತರ ಮೇಲಿತ್ತು. ಅವರೇ, "ನೀವು ನಮ್ಮ ಪಕ್ಕದವರಲ್ಲಿ ಉಳಿಯಿರಿ, ಅವರ ಅಂಗಳಕ್ಕೇ ಗಾಡಿ ಹೋಗುತ್ತದೆ" ಅಂತ ನಂಬರ್ ಕೊಟ್ಟರು. ಮೆಟ್ಟಿಲಾದ ಮೇಲೆ ಮೂರು ಪ್ರಶ್ನೆ: ಕರೆಂಟ್ ಹೋದರೆ ಬಿಸಿನೀರು ಹೇಗೆ, ಹೆಚ್ಚಿಗೆ ರಜಾಯಿ ಇದೆಯಾ, ರಾತ್ರಿ ಊಟ ಅಲ್ಲೇ ಸಿಗುತ್ತಾ. ಕತ್ತಲಾದ ಮೇಲೆ ಊಟ ಹುಡುಕಿಕೊಂಡು ಆ ರಸ್ತೆಯಲ್ಲಿ ಹೋಗುವ ಮಾತೇ ಬೇಡ.

ನೈನಿತಾಲ್‌ನಲ್ಲಿ ತಂಗಲಿಲ್ಲ. ಪಾರ್ಕಿಂಗ್ ತಾಪತ್ರಯ, ವಾರಾಂತ್ಯದಲ್ಲಿ ಹೊರಗಿನ ಗಾಡಿಗಳ ಸಾಲು. ಭೀಮತಾಲದಿಂದ ವಾರದ ನಡುವೆ ಹೋಗಿ, ದೋಣಿಯಲ್ಲಿ ಸುತ್ತಿ, ನೈನಾದೇವಿ ಗುಡಿ ನೋಡಿ, ಸಂಜೆಗೆ ವಾಪಸ್.

ಅಲ್ಮೋರದಿಂದ ಜಾಗೇಶ್ವರ ಸುಮಾರು 35 ಕಿಲೋಮೀಟರ್. ದೇವದಾರು ಮರಗಳ ನಡುವೆ ನೂರಕ್ಕೂ ಹೆಚ್ಚು ಕಲ್ಲಿನ ಗುಡಿಗಳು, ಹಳೆಯವು ಏಳನೇ ಶತಮಾನದ ಹೊತ್ತಿನವು. ರಸ್ತೆಯ ಪಕ್ಕದಲ್ಲೇ ಇರುವುದರಿಂದ ಅತ್ತೆ ಆರಾಮಾಗಿ ಸುತ್ತಿದರು. ದಾರಿಯಲ್ಲಿ ಚಿತಯಿಯ ಗೋಲು ದೇವರ ಗುಡಿ ಸಿಗುತ್ತದೆ. ನ್ಯಾಯ ಕೇಳಿ ಜನ ಛಾಪಾ ಕಾಗದದಲ್ಲಿ ಅರ್ಜಿ ಬರೆದು ಕಟ್ಟುತ್ತಾರೆ, ಕೆಲಸ ಆದರೆ ಗಂಟೆ ಕಟ್ಟುತ್ತಾರೆ. ಮಗಳು ಅರ್ಜಿಗಳನ್ನು ಓದುತ್ತಾ ನಿಂತುಬಿಟ್ಟಳು. ಬೇರೆಯವರ ಕಷ್ಟ ಅದು, ಓದಬಾರದು ಅಂತ ಕರೆದುಕೊಂಡು ಬಂದೆ.

ಊಟದ ಚಿಂತೆ ಅಲ್ಮೋರದಲ್ಲೇ ಮುಗಿಯಿತು. ಮಂಡುವಾ ರೊಟ್ಟಿ ಅಂದರೆ ರಾಗಿ ರೊಟ್ಟಿ, ಗಹತ್ ಬೇಳೆ ಅಂದರೆ ಹುರುಳಿ ಸಾರು. ಅತ್ತೆ ಮೊದಲ ತುತ್ತಿಗೇ, "ಇದಕ್ಕೆ ಒಂಚೂರು ಬೆಳ್ಳುಳ್ಳಿ ಜಾಸ್ತಿ ಹಾಕಿದ್ದರೆ ನಮ್ಮನೆಯದೇ" ಅಂದರು. ಅಲ್ಲಿಂದ ಮುಂದೆ ಎಲ್ಲಿ ತಂಗಿದರೂ ಫೋನಿನಲ್ಲೇ ಇವೆರಡನ್ನು ಹೇಳಿಟ್ಟೆವು.

ಕೌಸಾನಿಯಲ್ಲಿ ಎರಡು ರಾತ್ರಿಯ ನಿಯಮದ ಬೆಲೆ ಎಲ್ಲರಿಗೂ ಗೊತ್ತಾಯಿತು. ಮೊದಲ ಬೆಳಗು ಬರೀ ಬೂದು ಮೋಡ. ಎದುರಿನ ಕಣಿವೆಯೂ ಕಾಣಲಿಲ್ಲ. ಆವತ್ತು ಕೆಳಗಿಳಿದು ಗೋಮತಿ ನದಿ ದಡದ ಬೈಜನಾಥ ಗುಡಿಗಳನ್ನು ನೋಡಿದೆವು. ಸಂಜೆ ಅನಾಸಕ್ತಿ ಆಶ್ರಮದ ಪ್ರಾರ್ಥನೆಗೆ ಹೋದೆವು, ಗಾಂಧೀಜಿ 1929ರಲ್ಲಿ ತಂಗಿದ್ದ ಜಾಗ. ಮಾರನೇ ದಿನ ಆರು ಗಂಟೆಗೆ ನಾದಿನಿ ಬಾಗಿಲು ಬಡಿದಳು. ಹೊರಗೆ ಬಂದರೆ ಆಕಾಶದ ಅರ್ಧದಲ್ಲಿ ಶಿಖರಗಳ ಸಾಲು. ನಂದಾದೇವಿ 7,816 ಮೀಟರ್, ತ್ರಿಶೂಲ 7,120. ಆದರೂ ಅಲ್ಲಿಂದ ತ್ರಿಶೂಲವೇ ದೊಡ್ಡದಾಗಿ ಕಾಣುತ್ತದೆ, ಹತ್ತಿರ ಇರುವುದರಿಂದ. ಮೊದಲು ತುದಿಗಳು ಕೆಂಪಾದವು, ಆಮೇಲೆ ಬಣ್ಣ ನಿಧಾನಕ್ಕೆ ಕೆಳಗಿಳಿಯಿತು. ಯಜಮಾನರು ದಾಜ್ಯು ಪಕ್ಕ ನಿಂತು ಬಲಗಡೆ ದೂರದಲ್ಲಿ ಪಂಚಚೂಲಿ ಯಾವುದು ಅಂತ ಕೇಳಿ ತಿಳಿದುಕೊಂಡರು. ಅತ್ತೆ ರಜಾಯಿ ಹೊದ್ದುಕೊಂಡು ರೂಮಿನ ಬಾಗಿಲ ಮುಂದೆಯೇ ಕುರ್ಚಿ ಹಾಕಿಸಿಕೊಂಡು ನೋಡಿದರು. ಶಿಖರ ಕಾಣುವ ಕಡೆ ನೆಲಮಹಡಿ ರೂಮೇ ಬೇಕು ಅಂತ ನಾನು ಹಿಡಿದ ಹಟ ಇದಕ್ಕೇ.

ಇಳಿಯುವ ದಿನ ವಾರಾಂತ್ಯದಲ್ಲಿ ಬೀಳದ ಹಾಗೆ ನೋಡಿಕೊಂಡೆ. ರಾಣಿಖೇತ್‌ನಿಂದ ಕಾಠಗೋದಾಮ್ ದಾರಿ ಕೈಂಚಿ ಧಾಮದ ಮುಂದೆಯೇ ಹೋಗುತ್ತದೆ. ನೀಮ್ ಕರೋಲಿ ಬಾಬಾ ಆಶ್ರಮಕ್ಕೆ ಈಗ ಬರುವ ಜನಕ್ಕೆ ಲೆಕ್ಕವಿಲ್ಲ, ಶನಿವಾರ, ಭಾನುವಾರ ಅಲ್ಲಿ ಗಾಡಿಗಳು ಗಂಟೆಗಟ್ಟಲೆ ನಿಲ್ಲುತ್ತವೆ. ಜೂನ್ 15ರ ಮೇಳದ ಹೊತ್ತಿನಲ್ಲಂತೂ ಆ ರಸ್ತೆ ಮರೆತುಬಿಡಿ. ನಾವು ಆರಕ್ಕೆ ಹೊರಟು, ಜನ ಸೇರುವ ಮೊದಲೇ ದರ್ಶನ ಮಾಡಿ, ಮಧ್ಯಾಹ್ನದ ಊಟಕ್ಕೆ ಕಾಠಗೋದಾಮ್‌ನಲ್ಲಿದ್ದೆವು. ಅಲ್ಲಿಂದ ಮಧ್ಯಾಹ್ನ ಹೊರಡುವ ಶತಾಬ್ದಿ ರಾತ್ರಿಗೆ ದೆಹಲಿ ಮುಟ್ಟುತ್ತದೆ. ವಿಮಾನದ ಟಿಕೆಟನ್ನು ಅದೇ ರಾತ್ರಿಗಾಗಲಿ ಮಾರನೇ ದಿನಕ್ಕಾಗಲಿ ಮಾಡಿರಲಿಲ್ಲ. ಖಾಲಿ ಇಟ್ಟಿದ್ದ ದಿನ ಹಾಗೇ ಉಳಿದಿತ್ತು, ಮಕ್ಕಳಿಗೆ ರೈಲ್ವೆ ಮ್ಯೂಸಿಯಂ ತೋರಿಸಿಕೊಂಡು ಬಂದೆವು.