ಭಾವನ ಟೋಕನ್ ಮಾತ್ರ ಬಂದ್

ಒಣಗಿಸಿ ಸುಲಿದ ಚಾಲಿ ಅಡಿಕೆಯ ಫೋಟೋ ಕೊಟ್ಟರೆ ಅದರಲ್ಲಿ ಕಡಿಮೆ ದರ್ಜೆಯ ಕೋಕಾ ಎಷ್ಟಿದೆ, ಬಿಳಿಗೋಟು ಎಷ್ಟಿದೆ ಎಂದು ಅಂದಾಜು ಹೇಳುವ ಚಿಕ್ಕ ಎಐ ಮಾಡೆಲ್ ಒಂದನ್ನು ಮಾಡಿಕೊಂಡಿದ್ದೇನೆ. ಶಿರಸಿ ಹತ್ತಿರದ ನಮ್ಮ ಮನೆಯ ಅಂಗಳದಲ್ಲೇ ತೆಗೆದ ಫೋಟೋಗಳಿಂದ ಕಲಿಸಿದ್ದು. ಓಡುವುದು ಬಾಡಿಗೆ ಸರ್ವರ್‌ನಲ್ಲಿ. ಬಳಸುವವರು ಹನ್ನೆರಡು ಜನ, ಎಲ್ಲ ನೆಂಟರು, ಗೆಳೆಯರು.

ಮೊದಲು ಎಲ್ಲರಿಗೂ ಸೇರಿ ಒಂದೇ ಕೀ, ಪಾಸ್‌ವರ್ಡಿನಂಥ ಗುಟ್ಟಿನ ಸಾಲು. ಅದನ್ನು ವಾಟ್ಸಾಪ್ ಗ್ರೂಪಿಗೆ ಹಾಕಿದ್ದೆ. ಹೌದು, ದಡ್ಡತನವೇ. ಒಂದು ರಾತ್ರಿ, ಸರ್ವರಿಗೆ ಬಂದದ್ದೆಲ್ಲ ದಾಖಲಾಗುವ ಲಾಗ್ ತೆಗೆದರೆ ಸಾವಿರಾರು ರಿಕ್ವೆಸ್ಟ್, ಅದೂ ಅಡಿಕೆಯದಲ್ಲ, ಯಾರದೋ ಮನೆಯ ಟೈಲ್ಸ್ ಫೋಟೋಗಳು! ಯಾರು ಫಾರ್ವರ್ಡ್ ಮಾಡಿದರು ಅಂತ ಹೇಗೆ ಹುಡುಕೋದು? ಎಲ್ಲರ ಕೈಯಲ್ಲೂ ಇರುವುದು ಅದೇ ಕೀ. ಸಿಟ್ಟಲ್ಲಿ ಬದಲಿಸಿದೆ. ಬೆಳಗಾಗುವಷ್ಟರಲ್ಲಿ ಭಾವನ ಫೋನ್: "ಭಾವಾ, ಎಂತಾ ಆತಾ ಮಾರಾಯಾ? ಇದು ಕೆಲ್ಸಾನೇ ಮಾಡ್ತಿಲ್ಲೆ." ಅವನ ಹಿಂದೆ ಉಳಿದವರೂ. ಒಬ್ಬನನ್ನು ಹೊರಗಿಡಲು ಹೋಗಿ ಎಲ್ಲರನ್ನೂ ಹೊರಗೆ ಹಾಕಿದ್ದೆ.

ಆ ಭಾನುವಾರ ಕೂತು ಪೂರ್ತಿ ಬದಲಿಸಿದೆ. ಮಾಡೆಲ್ಲಿನ ಪೋರ್ಟ್ ಹೊರಗಿನವರಿಗೆ ಕಾಣದ ಹಾಗೆ, ಆ ಸರ್ವರ್ ಒಳಗೆ ಮಾತ್ರ ನಡೆಯುವ ವಿಳಾಸವಾದ 127.0.0.1ಕ್ಕೆ ಕಟ್ಟಿದೆ. ಅಲ್ಲಿಯವರೆಗೆ ಅದು ದಣಪೆ ಹಾಕದ ತೋಟವೇ ಆಗಿತ್ತು. ಈಗ ಮುಂದೆ, ಬಂದ ರಿಕ್ವೆಸ್ಟನ್ನು ಮೊದಲು ಹಿಡಿಯುವ ವೆಬ್ ಸರ್ವರ್ ಎನ್‌ಜಿನ್‌ಎಕ್ಸ್ ಇದೆ, ಎಚ್‌ಟಿಟಿಪಿಎಸ್ ಇದೆ, ಅದರ ಹಿಂದೆ ಟೋಕನ್ ನೋಡಿ ಒಳಗೆ ಬಿಡುವ ಪುಟ್ಟ ಪೈಥಾನ್ ಪ್ರೋಗ್ರಾಂ.

ಟೋಕನ್ ಅಂದರೆ ಕೀಯೇ, ಆದರೆ ಒಬ್ಬೊಬ್ಬರಿಗೆ ಒಂದೊಂದು. ಪೈಥಾನಿನ ಸೀಕ್ರೆಟ್ಸ್ ಲೈಬ್ರರಿಯಿಂದ 32 ಬೈಟ್ ತೆಗೆದರೆ 43 ಅಕ್ಷರದ ಸಾಲು ಬರುತ್ತದೆ. ಅದನ್ನು ಹಾಗೇ ಇಟ್ಟುಕೊಳ್ಳುವುದಿಲ್ಲ, ಮೂಲ ಸಾಲನ್ನು ತಿರುಗಿ ಹೊರತೆಗೆಯಲಾಗದ ಶಾ-256 ಹ್ಯಾಶ್ ಮಾತ್ರ ಎಸ್‌ಕ್ಯೂಲೈಟ್‌ಗೆ ಹೋಗುತ್ತದೆ. ಡೇಟಾಬೇಸ್ ಕಳುವಾದರೂ ಟೋಕನ್ ಸಿಗುವುದಿಲ್ಲ. ಜನ ಇಡುವ ಪಾಸ್‌ವರ್ಡ್ ಆಗಿದ್ದರೆ ಬಿಕ್ರಿಪ್ಟ್‌ನಂಥ ನಿಧಾನದ ಹ್ಯಾಶ್ ಬೇಕಿತ್ತು. ಇಷ್ಟು ಉದ್ದದ ಯದ್ವಾತದ್ವಾ ಸಾಲಿಗೆ ಬೇಡ. ಪಕ್ಕದ ಕಾಲಂಗಳಲ್ಲಿ ಯಾರದ್ದು, ಯಾವಾಗ ಮುಗಿಯುತ್ತದೆ, ಕೊನೆಗೆ ಬಳಸಿದ್ದು ಯಾವಾಗ, ರದ್ದಾಗಿದ್ದು ಯಾವಾಗ. ರದ್ದು ಮಾಡುವಾಗ ಸಾಲು ಅಳಿಸುವುದಿಲ್ಲ, ತಾರೀಕು ತುಂಬುತ್ತೇನೆ ಅಷ್ಟೆ.

ಸಹಿ ಮತ್ತು ಅವಧಿ ತನ್ನೊಳಗೇ ಇರುವ ಟೋಕನ್, ಜೆಡಬ್ಲ್ಯೂಟಿ, ಯಾಕೆ ಬೇಡ ಅಂತ ಗೆಳೆಯನೊಬ್ಬ ಕೇಳಿದ. ಅದರಲ್ಲಿ ಸರ್ವರ್ ಸಹಿ ನೋಡಿ ನಂಬಿಬಿಡುತ್ತದೆ. ಅವಧಿ ಮುಗಿಯುವ ಮೊದಲೇ ತಡೆಯಬೇಕೆಂದರೆ ಹೇಗೂ ಒಂದು ಪಟ್ಟಿ ಇಟ್ಟು ನೋಡಲೇಬೇಕು. ಹನ್ನೆರಡು ಜನಕ್ಕೆ ಆ ಪಟ್ಟಿಯೇ ಸಾಕಲ್ವಾ?

ಎರಡು ಕಡೆ ಎಡವಿದೆ. ಭಾವನಿಗೆ ಸುಲಭವಾಗಲಿ ಅಂತ ಟೋಕನ್ನನ್ನು ಲಿಂಕಿನೊಳಗೇ ಸೇರಿಸಿದ್ದೆ. ನೋಡಿದರೆ ಎನ್‌ಜಿನ್‌ಎಕ್ಸ್ ಲಾಗಿನಲ್ಲಿ ಪ್ರತಿ ಸಾಲಿಗೂ ಟೋಕನ್ ಪೂರ್ತಿ ಅಚ್ಚಾಗಿತ್ತು. ಹ್ಯಾಶ್ ಮಾಡಿ ಏನು ಬಂತು? ಈಗ ಅದು ಲಿಂಕಿನ ಹೊರಗೆ, ರಿಕ್ವೆಸ್ಟಿನ ಜೊತೆ ಬರುವ ಆಥರೈಸೇಶನ್ ಹೆಡರಿನಲ್ಲಿ ಹೋಗುತ್ತದೆ. ಕೊಡುವಾಗಲೂ ವಾಟ್ಸಾಪ್ ಇಲ್ಲ, ಎದುರಿಗೆ ಕೂತು ಕ್ಯೂಆರ್ ತೋರಿಸಿ ಅವರ ಆ್ಯಪ್‌ಗೆ ತುಂಬಿಸುತ್ತೇನೆ. ಇನ್ನೊಂದು, ವೇಗಕ್ಕೆಂದು, ಒಮ್ಮೆ ನೋಡಿದ ಟೋಕನ್ನನ್ನು ಹತ್ತು ನಿಮಿಷ ನೆನಪಿಟ್ಟುಕೊಳ್ಳುವ ಕ್ಯಾಷ್ ಇಟ್ಟಿದ್ದೆ. ಪರೀಕ್ಷೆಗೆ ನನ್ನದೇ ಟೋಕನ್ ರದ್ದು ಮಾಡಿದರೆ ಅದು ಆರಾಮಾಗಿ ಉತ್ತರ ಕೊಡುತ್ತಲೇ ಇತ್ತು. ಬಗ್ ಅಂತ ಅರ್ಧ ಗಂಟೆ ತಲೆ ಕೆರೆದುಕೊಂಡೆ. ಹುಡುಕಿ ಮುಗಿಯುವುದರೊಳಗೆ ತಾನಾಗಿಯೇ ನಿಂತಿತ್ತು. ಕ್ಯಾಷ್ ಕಿತ್ತು ಹಾಕಿದೆ.

ದಿನದ ಮಿತಿಯೂ ಇದೆ: ಒಂದು ಟೋಕನ್‌ಗೆ 200 ಫೋಟೋ, ಆಮೇಲೆ 429, ಅಂದರೆ ಮಿತಿ ಮೀರಿತು ಅನ್ನುವ ಉತ್ತರ. ಟೈಲ್ಸಿನವರ ನೆನಪಿಗೆ.

ಮಾರಿಕಾಂಬಾ ಜಾತ್ರೆಯ ಗದ್ದಲದಲ್ಲಿ ಬಿಡ್ಕಿಬೈಲಿನಲ್ಲಿ ಭಾವನ ಫೋನ್ ಹೋಯಿತು. ಮಗನ ಫೋನಿನಿಂದ ಕರೆ ಮಾಡಿ ಸಿಮ್ಮಿನದು, ಬ್ಯಾಂಕಿನದು ಎಲ್ಲ ಹೇಳಿ, ಕೊನೆಗೆ "ನಿನ್ನ ಅಡಿಕೆದು?" ಎಂದ. ಮಾತಾಡುತ್ತಲೇ ಒಂದು ಕಮಾಂಡ್ ಹೊಡೆದೆ. ಉಳಿದ ಹನ್ನೊಂದು ಜನಕ್ಕೆ ಗೊತ್ತೂ ಆಗಲಿಲ್ಲ.

ಮರುದಿನ ಲಾಗ್ ನೋಡಿದೆ. ಸಾಲು ಅಳಿಸಿರಲಿಲ್ಲವಲ್ಲ, ಬಂದ ಟೋಕನ್ ಯಾರದೆಂದು ಹೆಸರು ಸಮೇತ ಇತ್ತು. ಬೆಳಗಿನ ಜಾವ ಯಾರೋ ಭಾವನ ಆ್ಯಪ್ ತೆಗೆದು ಮೂರು ಸಲ ಫೋಟೋ ಕಳಿಸಿದ್ದರು. ಮೂರಕ್ಕೂ 401, ಒಳಗೆ ಬಿಡುವುದಿಲ್ಲ ಅನ್ನುವ ಉತ್ತರ.